ಓಪನ್ ಸೋರ್ಸ್ ಅಂದರೆ ಹೇಳೋರು ಕೇಳೋರು ಇಲ್ಲದ ಸಾಫ್ಟ್‌ವೇರಾ?

ಹಗರಿಬೊಮ್ಮನಹಳ್ಳಿಯಲ್ಲಿರುವ ನಮ್ಮ ಮಾವ ಮೊನ್ನೆ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಮಾಲೀಕರೇ ಇರುವುದಿಲ್ಲ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ಆದ್ದರಿಂದ ಕಳ್ಳರಿಗೆ ಸುಲಭ, ಅಂಥ ಆ್ಯಪ್‌ಗಳನ್ನು ಕೂಡಲೇ ತೆಗೆದುಹಾಕಿ ಎಂದು ಅದರಲ್ಲಿತ್ತು. ಕೆಳಗೆ ಮಾವನ ವಾಯ್ಸ್ ಮೆಸೇಜ್: "ಇದು ನಿಜ ಏನವ್ವಾ? ಫೋನ್‌ನ್ಯಾಗ ಇರೋವು ಯಾವ್ಯಾವು ತೆಗೀಬೇಕು ಹೇಳು."

ಅರ್ಧ ಗಂಟೆಯಲ್ಲಿ ಹರಪನಹಳ್ಳಿಯ ಅಣ್ಣ ಅದಕ್ಕೆ ಉಲ್ಟಾ ಫಾರ್ವರ್ಡ್ ಹಾಕಿದ. ಸಾವಿರಾರು ಜನ ಕೋಡ್ ನೋಡುತ್ತಿರುತ್ತಾರೆ, ಹಾಗಾಗಿ ಓಪನ್ ಸೋರ್ಸ್‌ಗೆ ಏನೂ ಆಗುವುದಿಲ್ಲ ಎಂಬುದು ಅವನ ವಾದ. ಮೈಲಾರದ ಕಾರ್ಣಿಕದ ಒಂದು ಸಾಲಿಗೆ ನೂರು ಅರ್ಥ ಹಚ್ಚುವ ಸೀಮೆ ನಮ್ಮದು. ಗ್ರೂಪಿನಲ್ಲಿ ರಾತ್ರಿಯವರೆಗೂ ಚರ್ಚೆ ನಡೆಯಿತು.

ಎರಡರಲ್ಲಿ ಯಾವುದು ಸರಿ? ಚಿಕ್ಕ ಉತ್ತರ ಇದು: ಎರಡೂ ಅರ್ಧ ನಿಜ. ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಕೋಡ್ ತೆರೆದಿದೆ ಎಂಬ ಒಂದೇ ಕಾರಣಕ್ಕೆ ತೀರ್ಮಾನವಾಗುವುದಿಲ್ಲ. ಅದನ್ನು ನೋಡಿಕೊಳ್ಳುವವರು ಎಷ್ಟು ಜನ, ಅವರು ಸುಸ್ತಾದರೆ ಮುಂದೆ ಯಾರು ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಉದ್ದದ ಉತ್ತರ ಕೆಳಗಿದೆ.

ಮೊದಲಿಗೆ, ಓಪನ್ ಸೋರ್ಸ್ ಅಂದರೆ ಏನು?

ಅಂಗಡಿಯ ಉಪ್ಪಿನಕಾಯಿಯ ಡಬ್ಬಿಯನ್ನು ನೀವು ಕೊಳ್ಳಬಹುದು, ಅದನ್ನು ಮಾಡಿದ ವಿಧಾನ ನಿಮಗೆ ಸಿಗುವುದಿಲ್ಲ. ಅಜ್ಜಿಯ ಉಪ್ಪಿನಕಾಯಿ ಹಾಗಲ್ಲ. ಅಜ್ಜಿ ವಿಧಾನ ಹೇಳಿಕೊಡುತ್ತಾಳೆ. ನೀವು ಖಾರ ಕಡಿಮೆ ಮಾಡಿಕೊಳ್ಳಬಹುದು, ಪಕ್ಕದ ಮನೆಗೂ ಹೇಳಿಕೊಡಬಹುದು. ಸಾಫ್ಟ್‌ವೇರ್‌ನ ವಿಧಾನಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಆ ಕೋಡನ್ನು ಎಲ್ಲರೂ ನೋಡಲು, ಬಳಸಲು, ತಿದ್ದಲು, ಹಂಚಲು ಲೈಸೆನ್ಸ್ ಮೂಲಕ ಅನುಮತಿ ಕೊಟ್ಟಿದ್ದರೆ ಅದು ಓಪನ್ ಸೋರ್ಸ್.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಯಾರು ಬೇಕಾದರೂ ತಿದ್ದಬಹುದು ಎಂದರೆ ತಮ್ಮ ಪ್ರತಿಯನ್ನು ತಿದ್ದಿಕೊಳ್ಳಬಹುದು ಎಂದರ್ಥ. ನಿಮ್ಮ ಫೋನಿಗೆ ಬರುವ ಮೂಲ ಪ್ರತಿಯಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಅದನ್ನು ನೋಡಿಕೊಳ್ಳುವವರು ಒಪ್ಪಬೇಕು. ಅವರನ್ನು ಮೇಂಟೇನರ್ ಎನ್ನುತ್ತಾರೆ. ಹಾಗಾಗಿ ಹೇಳೋರು ಕೇಳೋರು ಇಲ್ಲ ಎಂಬ ಮಾತು ಸರಿಯಲ್ಲ.

ಇದು ನಮಗೆ ದೂರದ ವಿಷಯವೂ ಅಲ್ಲ. ಆಂಡ್ರಾಯ್ಡ್ ಫೋನಿನ ತಳಪಾಯದಲ್ಲಿರುವ ಲಿನಕ್ಸ್ ಓಪನ್ ಸೋರ್ಸ್. ವಾಟ್ಸ್‌ಆ್ಯಪ್ ಸಂದೇಶಗಳಿಗೆ ಬೀಗ ಹಾಕುವ ಸಿಗ್ನಲ್ ಪ್ರೋಟೋಕಾಲ್‌ನ ಕೋಡ್ ಕೂಡ ಓಪನ್ ಸೋರ್ಸ್ ಆಗಿ ಸಿಗುತ್ತದೆ. ಅಂದರೆ ಓಪನ್ ಸೋರ್ಸ್ ಬೇಡ ಎನ್ನುವ ಫಾರ್ವರ್ಡ್ ನಮ್ಮನ್ನು ತಲುಪಿದ್ದೇ ಅದರ ಮೇಲೆ ಕುಳಿತು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಫೋನಿನಲ್ಲಿ 'ಕೊಟ್ಟೂರು' ಎಂದು ಟೈಪ್ ಮಾಡಿ ನೋಡಿ. ಫೋನ್ ಅದನ್ನು 8 ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಕ, ಒಕಾರದ ಚಿಹ್ನೆ, ಟ, ಹಲಂತದ ಚಿಹ್ನೆ, ಇನ್ನೊಂದು ಟ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಇವನ್ನು ಸುಮ್ಮನೆ ಸಾಲಾಗಿ ಇಟ್ಟರೆ ಕನ್ನಡ ಆಗುವುದಿಲ್ಲ. ಎರಡನೆಯ ಟ ಒತ್ತಾಗಿ ಕೆಳಗೆ ಇಳಿಯಬೇಕು, ದೀರ್ಘ ಸರಿಯಾದ ಜಾಗದಲ್ಲಿ ಕೂರಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳಲ್ಲಿ ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್. ಹೆಸರು ಕೇಳಿರುವವರು ಕಡಿಮೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದುವ ಎಲ್ಲರೂ ಅದರ ಬಳಕೆದಾರರೇ.

ಸಾವಿರಾರು ಜನ ನೋಡುತ್ತಿರುತ್ತಾರೆ ಎಂಬುದು ನಿಜವೇ?

ಈಗ ಅಣ್ಣನ ಫಾರ್ವರ್ಡಿಗೆ ಬರೋಣ. ನೋಡಬಹುದು ಎನ್ನುವುದಕ್ಕೂ ನೋಡುತ್ತಿದ್ದಾರೆ ಎನ್ನುವುದಕ್ಕೂ ವ್ಯತ್ಯಾಸ ಇದೆ. ಊರ ಕೆರೆಯ ಏರಿಯ ಮೇಲೆ ಎಲ್ಲರೂ ಓಡಾಡುತ್ತಾರೆ. ತೂಬಿನ ಹತ್ತಿರ ನೀರು ಸೋರುತ್ತಿದೆಯಾ ಎಂದು ಬಗ್ಗಿ ನೋಡುವವರು ಎಷ್ಟು ಜನ?

2014ರ ಏಪ್ರಿಲ್‌ನಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ವೆಬ್‌ಸೈಟಿಗೂ ನಮಗೂ ನಡುವೆ ನಡೆಯುವ ಮಾತನ್ನು ಗುಟ್ಟಾಗಿಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ದೊಡ್ಡ ದೋಷ ಸಿಕ್ಕಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು. ಎರಡು ಕಂಪ್ಯೂಟರ್‌ಗಳು ಆಗಾಗ "ಇದ್ದೀಯಾ?" "ಇದ್ದೀನಿ" ಎಂದು ವಿಚಾರಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿತ್ತು. ಕೇಳುವವನು ಒಂದು ಪದ ಕಳಿಸಿ, ಅದರ ಉದ್ದ ಇಷ್ಟು ಎಂದೂ ಹೇಳಬೇಕು. ಉದ್ದವನ್ನು ಸುಳ್ಳು ಹೇಳಿದರೆ? ಸಾಫ್ಟ್‌ವೇರ್ ಅದನ್ನು ಪರೀಕ್ಷಿಸುತ್ತಿರಲಿಲ್ಲ. ಪದದ ಜೊತೆಗೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದ ಬೇರೆ ಮಾಹಿತಿಯನ್ನೂ ವಾಪಸ್ ಕಳಿಸುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಿತ್ತು.

ಈ ತಪ್ಪು 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಿಂದಲೂ ಇತ್ತು. ಕೋಡ್ ಎಲ್ಲರಿಗೂ ತೆರೆದಿತ್ತು, ಆದರೂ ಎರಡು ವರ್ಷ ಯಾರೂ ಗಮನಿಸಿರಲಿಲ್ಲ. ಆಮೇಲೆ ಹೊರಬಂದ ವಿಷಯ ಇನ್ನೂ ಕಹಿಯಾಗಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡಿದ್ದ ಆ ಸಾಫ್ಟ್‌ವೇರ್‌ಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್.

ದೋಷ ಹೊರಬಿದ್ದ ಮೇಲೆ ಲಿನಕ್ಸ್ ಫೌಂಡೇಶನ್ ಮುಂದಾಳತ್ವದಲ್ಲಿ ಕಂಪನಿಗಳು ಹಣ ಕೂಡಿಸಿದವು, ಇನ್ನಷ್ಟು ಜನ ಆ ಕೆಲಸಕ್ಕೆ ಸೇರಿದರು.

ಒಬ್ಬರೇ ಹೊತ್ತು, ಅವರೂ ಸುಸ್ತಾದರೆ?

10 ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, ಇನ್ನೊಂದು ಘಟನೆ ನಡೆಯಿತು. ಎಕ್ಸ್‌ಝಡ್ ಎಂಬುದು ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಲಾಸ್ಸೆ ಕಾಲಿನ್ ಎಂಬವರು ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡಿದ್ದರು. 2022ರಲ್ಲಿ ಅಪ್‌ಡೇಟ್ ಯಾಕೆ ತಡ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಕೆಲವು ಖಾತೆಗಳಿಂದ ಅವರ ಮೇಲೆ ಒತ್ತಡ ಬಂತು. ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಹೇಳಿಕೊಂಡರು.

ಅದೇ ಹೊತ್ತಿಗೆ ಜಿಯಾ ಟ್ಯಾನ್ ಎಂಬ ಹೆಸರಿನವರೊಬ್ಬರು ನೆರವಿಗೆ ನಿಂತಿದ್ದರು. ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು, ಅಧಿಕಾರ ಪಡೆದರು. ಕೊನೆಗೆ ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲೊಂದನ್ನು ಇಟ್ಟರು. ದೂರದಿಂದಲೇ ಬೇರೆಯವರ ಕಂಪ್ಯೂಟರ್ ಒಳಗೆ ನುಗ್ಗುವ ಬಾಗಿಲು ಅದು.

ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಕಂಪ್ಯೂಟರ್‌ಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಯಾಕೆಂದು ಕೆದಕುತ್ತಾ ಹೋದರು, ಬಾಗಿಲು ಸಿಕ್ಕಿತು. ಕೋಡ್ ತೆರೆದಿದ್ದರಿಂದಲೇ ಹೊರಗಿನವರೊಬ್ಬರು ಅಷ್ಟು ಆಳಕ್ಕೆ ಇಳಿಯಲು ಆಯಿತು. ಅದು ಕೆಲವು ಪರೀಕ್ಷಾ ಆವೃತ್ತಿಗಳನ್ನು ಮಾತ್ರ ತಲುಪಿತ್ತು, ಹೆಚ್ಚಿನವರು ಬಳಸುವ ಸ್ಥಿರ ಆವೃತ್ತಿಗಳನ್ನು ತಲುಪುವ ಮೊದಲೇ ತಡೆದರು.

ಮಾವನ ಫಾರ್ವರ್ಡ್ ಹೇಳುವಂತೆ ಕಳ್ಳ ಬಂದದ್ದು ಕೋಡ್ ಕಾಣುತ್ತಿತ್ತು ಎಂಬ ಕಾರಣಕ್ಕಲ್ಲ. ಒಬ್ಬರೇ ಹೊತ್ತಿದ್ದರು, ಅವರು ದಣಿದಿದ್ದರು, ಮುಂದೆ ಯಾರು ಎಂಬ ಪ್ರಶ್ನೆಗೆ ಪದ್ಧತಿಯೇ ಇರಲಿಲ್ಲ. ಕಳ್ಳ ಹಿಡಿದ ದಾರಿ ಅದು.

ಹಾಗಾದರೆ ಗಟ್ಟಿಯಾದದ್ದು ಹೇಗಿರುತ್ತದೆ?

ನಮ್ಮ ಊರುಗಳ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯುತ್ತಾರೆ. ಆಡಿಟ್ ವರದಿ ಓದುತ್ತಾರೆ, ಲಾಭ ಎಷ್ಟು, ಬೋನಸ್ ಎಷ್ಟು ಎಂದು ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತವರು ಎದ್ದು ಪ್ರಶ್ನೆ ಕೇಳುತ್ತಾರೆ. ಸ್ವಲ್ಪ ಗಲಾಟೆಯೂ ಆಗುತ್ತದೆ. ಡೇರಿ ನಡೆಯುತ್ತಿದೆ ಎಂಬುದಕ್ಕೆ ಆ ಸಭೆಯೂ ಒಂದು ಗುರುತು.

ಓಪನ್ ಸೋರ್ಸ್ ಲೋಕದಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡುತ್ತಾ ಬಂದಿರುವುದು ಡೆಬಿಯನ್. ಇದು ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದರು. ಹೆಚ್ಚು ಜನ ಬಲ್ಲ ಉಬುಂಟು ಡೆಬಿಯನ್ ಮೇಲೆಯೇ ಕಟ್ಟಿದ್ದು. ಸುಮಾರು ಸಾವಿರ ಮಂದಿ ಸದಸ್ಯರಿದ್ದಾರೆ. ಅವರದೇ ಲಿಖಿತ ಸಂವಿಧಾನ ಇದೆ. ಅದರ ಪ್ರಕಾರ ಪ್ರತಿ ವರ್ಷ ಪ್ರಾಜೆಕ್ಟ್ ಲೀಡರ್ ಚುನಾವಣೆ ನಡೆಯಬೇಕು, ಅವಧಿ ಒಂದೇ ವರ್ಷ.

ಮತ ಹಾಕುವ ಕ್ರಮವೂ ಬೇರೆ. ಒಬ್ಬರಿಗೆ ಒತ್ತಿ ಬರುವುದಲ್ಲ, ನನ್ನ ಮೊದಲ ಆಯ್ಕೆ ಇವರು, ಎರಡನೆಯದು ಅವರು ಎಂದು ಸಾಲಾಗಿ ಬರೆಯಬೇಕು. ನಮ್ಮ ನೋಟಾದಂತೆ 'ಇವರಲ್ಲಿ ಯಾರೂ ಅಲ್ಲ' ಎಂಬ ಆಯ್ಕೆಯೂ ಇದೆ. ನಮ್ಮಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಅಲ್ಲಿ ಅದಕ್ಕಿಂತ ಕೆಳಗೆ ಬಿದ್ದ ಅಭ್ಯರ್ಥಿ ಗೆಲ್ಲುವಂತಿಲ್ಲ. ಕೇರಳದ ಶ್ರುತಿ ಚಂದ್ರನ್ 2020ರಲ್ಲಿ ಮತ್ತು 2024ರಲ್ಲಿ ಈ ಚುನಾವಣೆಗೆ ನಿಂತಿದ್ದರು. 2023ರಲ್ಲಿ ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲಿ ನಡೆಯಿತು.

ಆದರೆ ಚುನಾವಣೆ ಇದ್ದ ಮಾತ್ರಕ್ಕೆ ಎಲ್ಲವೂ ಸರಾಗ ಅಲ್ಲ. 2019ರ ಮಾರ್ಚ್‌ನಲ್ಲಿ ನಾಮಪತ್ರದ ಅವಧಿ ಮುಗಿದಾಗ ಒಬ್ಬರೂ ನಿಂತಿರಲಿಲ್ಲ! ಅದು ಸಂಬಳವಿಲ್ಲದ ಕುರ್ಚಿ. ಯಾರಿಗೂ ಆಜ್ಞೆ ಮಾಡುವಂತಿಲ್ಲ, ಏಕೆಂದರೆ ಯಾರನ್ನೂ ಬಲವಂತವಾಗಿ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ಜಗಳ ಬಿಡಿಸುವುದು, ಪ್ರವಾಸ ಮಾಡುವುದು, ಖರ್ಚಿಗೆ ಒಪ್ಪಿಗೆ ಕೊಡುವುದು ಅವರ ಕೆಲಸ. ಆಗ ಏನು ಮಾಡಬೇಕು ಎಂಬುದನ್ನೂ ಸಂವಿಧಾನದಲ್ಲಿ ಬರೆದಿದ್ದರು: ನಾಮಪತ್ರದ ಅವಧಿಯನ್ನು ಒಂದು ವಾರ ಮುಂದಕ್ಕೆ ಹಾಕಬೇಕು. ಹಾಗೆ ಮಾಡಿದರು. ಅಭ್ಯರ್ಥಿಗಳು ಬಂದರು, ಸ್ಯಾಮ್ ಹಾರ್ಟ್‌ಮನ್ ಆಯ್ಕೆಯಾದರು.

ಕುರ್ಚಿ ಖಾಲಿ ಉಳಿಯುವ ಹೊತ್ತಿನಲ್ಲೂ ಡೆಬಿಯನ್ ನಿಲ್ಲಲಿಲ್ಲ. ಸ್ಥಾಪಕ ಮರ್ಡಾಕ್ 1996ರಲ್ಲೇ ನಾಯಕತ್ವ ಬಿಟ್ಟಿದ್ದರು, 2015ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಕಟ್ಟಿದ್ದು ಇವತ್ತಿಗೂ ನಡೆಯುತ್ತಿದೆ.

ಯಜಮಾನನೇ ಸಾಕು ಎಂದರೆ?

ಕಾಲೇಜಿನ ಮಕ್ಕಳು ಕಲಿಯುವ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕೂಡ ಓಪನ್ ಸೋರ್ಸ್. ಅದನ್ನು ಹುಟ್ಟುಹಾಕಿದ ಗೈಡೊ ವಾನ್ ರಾಸಮ್ ಅವರ ಮಾತೇ ಬಹುಕಾಲ ಕೊನೆಯ ಮಾತಾಗಿತ್ತು. 2018ರ ಜುಲೈನಲ್ಲಿ, ಒಂದು ಸಣ್ಣ ಬದಲಾವಣೆಯ ಬಗ್ಗೆ ಎದ್ದ ಕಿತ್ತಾಟದಿಂದ ಬೇಸತ್ತು, ಸಾಕು ಎಂದು ಕೆಳಗಿಳಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ನೀವೇ ತೀರ್ಮಾನಿಸಿ ಎಂದರು.

ಕೆಲಸ ಮಾಡುವವರು ಆ ವರ್ಷದ ಕೊನೆಗೆ ಮತ ಹಾಕಿ ಹೊಸ ಪದ್ಧತಿ ಆರಿಸಿಕೊಂಡರು. ಈಗ 5 ಜನರ ಸಮಿತಿ ಇದೆ. ಪ್ರತಿ ಹೊಸ ಆವೃತ್ತಿಗೊಮ್ಮೆ, ಅಂದರೆ ಸುಮಾರು ವರ್ಷಕ್ಕೊಮ್ಮೆ, ಅದಕ್ಕೆ ಚುನಾವಣೆ. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ ಎಂಬ ನಿಯಮವೂ ಇದೆ.

ಕನ್ನಡದ ಮಾತೇನು?

ನನಗೆ ಈ ವಿಷಯ ಮನಸ್ಸಿಗೆ ತಟ್ಟಿದ್ದು ಅಮ್ಮನಿಂದ. ಕೂಡ್ಲಿಗಿಯ ಮನೆಯಲ್ಲಿ ಅಮ್ಮ ಒಂದು ಕನ್ನಡ ಕೀಬೋರ್ಡ್ ಆ್ಯಪ್‌ಗೆ ಒಗ್ಗಿಕೊಂಡಿದ್ದಳು. ಒತ್ತಕ್ಷರ ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು. ಹೊಸ ಫೋನ್ ಕೊಡಿಸಿದಾಗ ಅದು ಅದರಲ್ಲಿ ಕೂರಲಿಲ್ಲ. ಮಾಡಿದವರು ಅಪ್‌ಡೇಟ್ ನಿಲ್ಲಿಸಿ ವರ್ಷಗಳೇ ಆಗಿದ್ದವು. ಬೇರೆ ಕೀಬೋರ್ಡ್ ಹಾಕಿಕೊಟ್ಟೆ. ಅಮ್ಮ ಸುಮಾರು ಎರಡು ತಿಂಗಳು ಟೈಪ್ ಮಾಡುವುದನ್ನೇ ಬಿಟ್ಟು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. "ನಂದು ನನಗ ಬರೋದಿಲ್ಲ ಬಿಡು" ಎಂದಳು. ಆ ಆ್ಯಪ್ ಮಾಡಿದವರ ಮೇಲೆ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ಅಷ್ಟು ವರ್ಷ ಪುಕ್ಕಟೆ ಬಳಸಿದ ನಾವು ಯಾರಾದರೂ ಅವರಿಗೆ ಒಂದು ಸಾಲು ಬರೆದಿದ್ದೆವಾ?

ಕೆಲಸ ಮಾಡುವವರು ಒಬ್ಬರೇ ಇದ್ದರೂ ಬಾಗಿಲು ತೆರೆದಿದ್ದರೆ ಆ ಕೆಲಸ ಉಳಿಯುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಗಳಿವೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದರು. 2019ರಲ್ಲಿ ಆ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ ತೆರೆದ ಲೈಸೆನ್ಸಿನಡಿ ಅಂತರ್ಜಾಲಕ್ಕೆ ಬಂತು. ಈಗ ಅದರ ಮಾಹಿತಿಯನ್ನು ಇಳಿಸಿಕೊಂಡು ಯಾರು ಬೇಕಾದರೂ ಹೊಸ ಆ್ಯಪ್ ಮಾಡಬಹುದು, ಮುಂದುವರಿಸಬಹುದು. ಹಾಗೆಯೇ ಗುಬ್ಬಿ, ನವಿಲು ಎಂಬ ಓಪನ್ ಸೋರ್ಸ್ ಕನ್ನಡ ಫಾಂಟ್‌ಗಳು ಡೆಬಿಯನ್ ಒಳಗೆ ಸೇರಿವೆ. ಅಂದರೆ ಆ ವಾರ್ಷಿಕ ಚುನಾವಣೆ, ವರದಿ, ಸಭೆ ಎಲ್ಲದರ ನೆರಳಿನಲ್ಲಿ ನಮ್ಮ ಅಕ್ಷರವೂ ಒಂದಿಷ್ಟು ನಿಂತಿದೆ.

ಆದರೆ ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಬರುವವರೂ ಬೇಕು. ಮುಂದುವರಿಸಬಹುದು ಎನ್ನುವುದು ತನ್ನಷ್ಟಕ್ಕೆ ಮುಂದುವರಿಯುತ್ತದೆ ಎಂದಾಗುವುದಿಲ್ಲ.

ವರ್ಷಕ್ಕೊಮ್ಮೆ ಏನು ನೋಡಬೇಕು?

ಸಾಫ್ಟ್‌ವೇರ್ ಸಮುದಾಯದ ಆರೋಗ್ಯ ಅಳೆಯಲೆಂದೇ 2017ರಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಕೇಯಾಸ್ ಎಂಬ ಯೋಜನೆ ಆರಂಭವಾಯಿತು. ಅಂಥ ಅಳತೆಗಳನ್ನು ನಮ್ಮ ಬಳಕೆಗೆ ತಕ್ಕಂತೆ ಇಳಿಸಿಕೊಂಡರೆ 5 ಪ್ರಶ್ನೆಗಳು ಸಾಕು.

1. ಕೊನೆಯ ಅಪ್‌ಡೇಟ್ ಯಾವಾಗ? ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ವಿವರ ತೆರೆದರೆ ದಿನಾಂಕ ಕಾಣುತ್ತದೆ. ಫಾಂಟ್‌ನಂಥದ್ದು ಹಳೆಯದಾದರೂ ನಡೆಯುತ್ತದೆ. ಕೀಬೋರ್ಡ್, ಬ್ರೌಸರ್, ಪಾಸ್‌ವರ್ಡ್ ಇಡುವ ಆ್ಯಪ್‌ಗಳು ಎರಡು ವರ್ಷದಿಂದ ಕದಲಿಲ್ಲ ಎಂದರೆ ಯೋಚಿಸಬೇಕು.

2. ಎಷ್ಟು ಕೈಗಳಲ್ಲಿದೆ? ಒಟ್ಟು ಕೆಲಸದ ಅರ್ಧ ಭಾಗವನ್ನು ಮಾಡುತ್ತಿರುವವರು ಕನಿಷ್ಠ ಎಷ್ಟು ಜನ ಎಂದು ಎಣಿಸುವುದು ಕೇಯಾಸ್‌ನ ಒಂದು ಅಳತೆ. ಉತ್ತರ ಒಂದು ಎಂದು ಬಂದರೆ, ಆ ಒಬ್ಬರಿಗೆ ಜ್ವರ ಬಂದ ದಿನ ಅರ್ಧ ಕೆಲಸ ನಿಂತಿತು ಎಂದೇ ಲೆಕ್ಕ.

3. ದೂರಿಗೆ ಉತ್ತರ ಬರುತ್ತಿದೆಯಾ? ಸರಿಪಡಿಸಲು ತಡವಾಗಬಹುದು. ನೋಡುತ್ತೇವೆ ಎಂಬ ಮಾತೂ ಬರದಿದ್ದರೆ ಮನೆ ಖಾಲಿ ಎಂದು ತಿಳಿಯಿರಿ.

4. ನಾಯಕರು ಬದಲಾಗುವ ಪದ್ಧತಿ ಬರೆದಿಟ್ಟಿದ್ದಾರಾ? ಎಲ್ಲರೂ ಚುನಾವಣೆ ಮಾಡಬೇಕಿಲ್ಲ. ನನ್ನ ನಂತರ ಕೀಲಿಕೈ ಯಾರ ಹತ್ತಿರ ಎಂಬುದಕ್ಕೆ ಉತ್ತರ ಇರಬೇಕು.

5. ಹಣ ಎಲ್ಲಿಂದ ಬರುತ್ತದೆ? ಬೆಂಗಳೂರಿನ ಝೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿ ಪ್ರಕಟಿಸಿತು. ಇಂಥ ಆಸರೆ ಇದ್ದ ಯೋಜನೆ ನಿಲ್ಲುವ ಸಂಭವ ಹೆಚ್ಚು.

ಈ 5ಕ್ಕೂ ಉತ್ತರ ಹುಡುಕಬಹುದಾದದ್ದು ಓಪನ್ ಸೋರ್ಸ್‌ನಲ್ಲೇ ಸುಲಭ. ಕೋಡ್ ಮುಚ್ಚಿಟ್ಟ ಆ್ಯಪ್‌ಗಳಲ್ಲೂ ದೋಷ ಇರುತ್ತವೆ, ಅಲ್ಲೂ ಜನ ಕೆಲಸ ಬಿಡುತ್ತಾರೆ. ನಮಗೆ ಕಾಣುವುದಿಲ್ಲ ಅಷ್ಟೆ.

ಫಾರ್ವರ್ಡ್ ಮಾಡುವ ಮುಂಚೆ

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವದಲ್ಲಿ ತೇರು ಉರುಳಿದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ತೇರಿನ ದಿನ ಎಲ್ಲರ ಕಣ್ಣೂ ಕಳಸದ ಮೇಲೆ. ಗಾಲಿ, ಅಚ್ಚು ನೋಡುವ ಕೆಲಸ ಅದಕ್ಕೂ ಎಷ್ಟೋ ದಿನ ಮೊದಲು, ಜನ ಇಲ್ಲದ ಹೊತ್ತಿನಲ್ಲಿ ಆಗಬೇಕು, ಪ್ರತಿ ವರ್ಷ ಆಗಬೇಕು. ಸಾಫ್ಟ್‌ವೇರ್‌ಗೂ ಅದೇ ಮಾತು.

ಮಾವನಿಗೆ ನಾನು ಹೀಗೆ ಬರೆದೆ: "ಮಾವ, ಓಪನ್ ಸೋರ್ಸ್ ಅಂತ ಯಾವುದನ್ನೂ ತೆಗೀಬೇಡಿ. ವರ್ಷಗಟ್ಟಲೆ ಅಪ್‌ಡೇಟ್ ಆಗದ್ದನ್ನು ತೆಗೀರಿ. ಫೋನ್ ಅಪ್‌ಡೇಟ್ ಕೇಳಿದರೆ ಮುಂದಕ್ಕೆ ಹಾಕಬೇಡಿ. ಆ ಫಾರ್ವರ್ಡ್ ಇನ್ಯಾರಿಗೂ ಕಳಿಸಬೇಡಿ." ಅಣ್ಣನಿಗೆ ಬರೆದದ್ದು: "ಸಾವಿರಾರು ಜನ ನೋಡ್ತಾರೆ ಅಂತ ನೀನೂ ಸುಮ್ಮನಿದ್ದೀಯ, ಅವರೂ ಸುಮ್ಮನಿದ್ದಾರೆ."

ನೀವು ಬಳಸುವ ಕನ್ನಡದ ಒಂದು ಉಚಿತ ಆ್ಯಪ್ ಆರಿಸಿಕೊಳ್ಳಿ. ಒತ್ತಕ್ಷರ ಎಲ್ಲಿ ಕೆಡುತ್ತಿದೆ, ಯಾವ ಫೋನಿನಲ್ಲಿ ಕೆಡುತ್ತಿದೆ ಎಂದು ಸ್ಕ್ರೀನ್‌ಶಾಟ್ ಸಮೇತ ಸಮಾಧಾನದಿಂದ ಬರೆದು ಕಳಿಸಿ. ಅನುವಾದ ಬರುವವರು ನಾಲ್ಕು ಸಾಲು ಅನುವಾದ ಮಾಡಿಕೊಡಿ. ಬರೀ ಒಂದು ಸ್ಟಾರ್ ಕೊಟ್ಟು ಬೈದು ಬರಬೇಡಿ. ಆ ಕಡೆ ಕೂತವರು ಒಬ್ಬರೇ ಇರಬಹುದು, ದಿನದ ಕೆಲಸ ಮುಗಿಸಿ ರಾತ್ರಿ ಕೂತಿರಬಹುದು.

ಅಮ್ಮ ಈಗ ಹೊಸ ಕೀಬೋರ್ಡ್ ಕಲಿತಿದ್ದಾಳೆ. ಅದರಲ್ಲಿ ಎರಡು ಕೀಲಿ ಬಹಳ ಸಣ್ಣದು ಎಂಬುದು ಅವಳ ದೂರು. ಕಳೆದ ವಾರ ಇಬ್ಬರೂ ಕೂತು ಅದನ್ನು ಮಾಡಿದವರಿಗೆ ಬರೆದು ಕಳಿಸಿದೆವು. ಮೂರನೇ ದಿನಕ್ಕೆ ನೋಡುತ್ತೇವೆ ಎಂದು ಉತ್ತರ ಬಂದಿದೆ.